ಮೀಟರ್ ಬೋರ್ಡಿನ ಹಿಂದಿನ ಪಿಪಿಸ್ಟ್ರೆಲ್

‘ಎಲ್ಲಾ ಒಂದೇ’ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮಮ್ಮ ಹುಳಿಪುಡಿಯನ್ನು ಬರೀ ಮೂಸಿ ಅದು ಯಾರ ಮನೆಯದೆಂದು ಹೇಳಬಲ್ಲರು. ಅವರಿಗೂ ಚರ್ಮದ ರೆಕ್ಕೆಯಿರುವುದೆಲ್ಲ ಒಂದೇ ಬಾವಲಿ. ಪಕ್ಕದಲ್ಲಿ ಇನ್ನೂ ರಾಗಿ ಬೆಳೆಯುವ ಜರಗನಹಳ್ಳಿಯ ನಮ್ಮ ಬಾಡಿಗೆಮನೆಯಲ್ಲಿ, ಮೀಟರ್ ಬೋರ್ಡಿನ ಹಿಂದೆ ಹೆಬ್ಬೆರಳಿನಷ್ಟು ಪುಟ್ಟ ಬಾವಲಿಗಳು ಏಳೆಂಟು ಸೇರಿಕೊಂಡಾಗ ಮನೆ ಓನರ್ ಗೌರಮ್ಮನವರೂ ಅದನ್ನೇ ಅಂದರು.

“ಮನೇಗೆ ಬಾವಲಿ ಹೊಕ್ರೆ ಏಳ್ಗೆ ಆಗಲ್ಲ ಕಣಮ್ಮ. ಭಾನುವಾರ ಆ ಸಂದಿಗೆ ಸಿಮೆಂಟ್ ಮೆತ್ತಿಬಿಡ್ತೀನಿ.”

“ಇದು ಹಣ್ಣು ತಿನ್ನೋ ಬಾವಲಿ ಅಲ್ಲ ಆಂಟಿ, ಸೊಳ್ಳೆ ತಿನ್ನುತ್ತೆ. ಜಾತೀನೇ ಬೇರೆ.”

“ಯಾವ್ ಜಾತಿ, ಹೆಸರೇಳು. ಹೆಸರು ಊರು ಗೊತ್ತಿಲ್ದೋರ್ಗೆ ನಾನು ಮನೆ ಕೊಡಲ್ಲ.”

ಭಾನುವಾರದೊಳಗೆ ಹೇಳುತ್ತೇನೆಂದು ಜಂಬದಿಂದ ಒಪ್ಪಿಕೊಂಡೆ. ಸಂಜೆ ಪರದೆಗೆ ಜೋತುಬಿದ್ದ ಒಂದನ್ನು ಅಪ್ಪನ ಕರವಸ್ತ್ರದಲ್ಲಿ ಹಿಡಿದು, ಜಾಮಿಟ್ರಿ ಬಾಕ್ಸಿನ ಸ್ಕೇಲಿನಿಂದ ಮುಂಗೈ ಅಳೆದು ಬಿಟ್ಟೆ. ಇಪ್ಪತ್ತೊಂಬತ್ತು ಮಿಲಿಮೀಟರ್. ಜಯನಗರದ ಲೈಬ್ರರಿಯ ದಪ್ಪ ಪುಸ್ತಕದ ಪ್ರಕಾರ ಅದು ಪಿಪಿಸ್ಟ್ರೆಲ್ ಎಂಬ ಮನೆತನದ್ದು. ಆ ಮನೆತನದ ದೊಡ್ಡ ದೇಹದವರನ್ನು ಬಿಟ್ಟರೆ ಉಳಿಯುವವರು ಇಬ್ಬರು, ಭಾರತದ ಪಿಪಿಸ್ಟ್ರೆಲ್ ಮತ್ತು ಕುಬ್ಜ ಪಿಪಿಸ್ಟ್ರೆಲ್. ದುರದೃಷ್ಟಕ್ಕೆ ಇಪ್ಪತ್ತೊಂಬತ್ತು ಇಬ್ಬರಿಗೂ ಒಪ್ಪುತ್ತದೆ. ಖಚಿತವಾಗಬೇಕಾದರೆ ಗಂಡು ಬಾವಲಿಯನ್ನು ಕೊಂದು, ಅದರ ಮಾನದ ಜಾಗದಲ್ಲಿರುವ ಎಳ್ಳಿನಷ್ಟು ಮೂಳೆಯನ್ನು ಭೂತಗನ್ನಡಿಯಲ್ಲಿ ನೋಡಬೇಕಂತೆ. ಪುಸ್ತಕವನ್ನು ಪಟ್ಟನೆ ಮುಚ್ಚಿದೆ. ಹೆಸರಿಗಾಗಿ ಪ್ರಾಣ ತೆಗೆಯುವ ವಿದ್ಯೆಗೆ ದೂರದಿಂದಲೇ ನಮಸ್ಕಾರ.

ಭಾನುವಾರ ಗೌರಮ್ಮ ಬಾಂಡ್ಲಿಯಲ್ಲಿ ಸಿಮೆಂಟ್ ಕಲಸಿಕೊಂಡೇ ಬಂದರು.

“ಏನಂತೆ ಹೆಸರು?”

“ಎರಡರಲ್ಲೊಂದು. ಯಾವ್ದು ಅಂತ ಗೊತ್ತಿಲ್ಲ. ಗೊತ್ತಾಗ್ಬೇಕಂದ್ರೆ ಸಾಯಿಸ್ಬೇಕು, ನಾನ್ ಸಾಯಿಸಲ್ಲ. ಮೆತ್ತೋದಾದ್ರೆ ನನ್ ಕೈನೂ ಸೇರಿಸಿ ಮೆತ್ತಿ,” ಎಂದು ಸಂದಿಗೆ ಅಂಗೈ ಅಡ್ಡ ಇಟ್ಟೆ.

“ಸಾಯ್ಸಿ ಏನ್ ನೋಡ್ಬೇಕಂತೆ?”

ಕಿವಿಯಲ್ಲಿ ಹೇಳಿದೆ. ಗೌರಮ್ಮ ಬಾಂಡ್ಲಿ ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

“ಥೂ, ಅದ್ನೆಲ್ಲಾ ನೋಡಿ ಯಾರಾದ್ರೂ ಹೆಸರಿಡ್ತಾರಾ? ಬದುಕಿರೋದನ್ನೇ ನೋಡ್ಕೊಂಡು ನಿಧಾನಕ್ಕೆ ಕಂಡುಹಿಡಿ. ಗೊತ್ತಾಗೋಗಂಟ ಇರ್ಲಿ. ಗೊತ್ತಾದ್ಮೇಲೆ ಸಿಮೆಂಟಿನ ಮಾತು.”

ಅಂದಿನಿಂದ ಓದುತ್ತಲೇ ಇದ್ದೇನೆ. ಕಳೆದ ವಾರ, ಕೊಲ್ಲದೆ ಬರೀ ಹಲ್ಲಿನ ಸಾಲು ನೋಡಿಯೂ ಇವನ್ನು ಗುರುತಿಸಬಹುದೆಂಬ ಅಧ್ಯಾಯವೊಂದು ಸಿಕ್ಕಿತು. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ನಾಲ್ಕು ಪುಟ ಒಟ್ಟಿಗೆ ತಿರುವಿದೆ. ಇಷ್ಟು ಕಷ್ಟಪಟ್ಟು ದಡ್ಡಿಯಾಗಿ ಉಳಿದಿರುವವಳು ಈ ಊರಲ್ಲೆಲ್ಲ ನಾನೊಬ್ಬಳೇ ಇರಬೇಕು.