ಅಕ್ಕನ ಸೀಡರ್ ಪೆಟ್ಟಿಗೆಗೆ ಬೆಲೆ ಕಟ್ಟಿಸಿದ್ದು

ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನಾಳೆ ಸ್ವರ್ಗಕ್ಕೆ ಹೋದರೂ ಸೀದಾ ಒಳಗೆ ಹೋಗುವವರಲ್ಲ. ಬಾಗಿಲಲ್ಲೇ ನಿಂತು ಅಗುಳಿಯನ್ನು ಉಗುರಿನಿಂದ ಕೆರೆದು, ‘ಇದು ಗಟ್ಟಿ ಹಿತ್ತಾಳೆಯೋ, ಬರೀ ಮೇಲಿನ ಬಣ್ಣವೋ’ ಎಂದು ಖಚಿತ ಮಾಡಿಕೊಂಡೇ ಹೆಜ್ಜೆ ಇಡುವವರು! ಉತ್ಪ್ರೇಕ್ಷೆ ಎನ್ನುತ್ತೀರಾ? ಕಳೆದ ವರ್ಷ ಪರಿಚಯದವರ ಗೃಹಪ್ರವೇಶದಲ್ಲಿ ಎಲ್ಲರೂ ಆರತಿ ತೆಗೆದುಕೊಳ್ಳುತ್ತಿದ್ದರೆ, ಇವರು ಆರತಿ ತಟ್ಟೆಯನ್ನು ಎತ್ತಿ ಅಡಿಯಲ್ಲಿ ಮುದ್ರೆ ಇದೆಯೇ ಎಂದು ನೋಡುತ್ತಿದ್ದರು. ಕರ್ಪೂರ ಇನ್ನೂ ಉರಿಯುತ್ತಿತ್ತು.

ನಾನು ಅವರನ್ನು ‘ಅಕ್ಕ’ ಎನ್ನುತ್ತೇನೆ. ಬಾಯಿ ತುಂಬ ಅಕ್ಕ, ಹೊಟ್ಟೆ ತುಂಬ ಕಿಚ್ಚು. ಮುಚ್ಚಿಡುವುದೇಕೆ? ನಾವಿರುವ ಆಕ್ಲೆಂಡಿನಲ್ಲಿ ಶನಿವಾರ ಬೆಳಿಗ್ಗೆ ಜನ ತಮ್ಮ ಗ್ಯಾರೇಜಿನ ಬಾಗಿಲು ತೆರೆದು ಹಳೆಯ ಸಾಮಾನು ಮಾರುತ್ತಾರೆ. ಅಲ್ಲಿಗೆ ನಾವಿಬ್ಬರೂ ಒಟ್ಟಿಗೇ ಹೋಗುತ್ತೇವೆ, ಒಂದೇ ಕಾರಿನಲ್ಲಿ. ಬರುವಾಗ ಅವರ ಮಡಿಲಲ್ಲಿ ಚಿನ್ನದಂಚಿನ ಪಿಂಗಾಣಿ ಬಟ್ಟಲುಗಳು, ನನ್ನ ಮಡಿಲಲ್ಲಿ ಬ್ರೆಡ್ಡಿನ ಒಂದೇ ಮಗ್ಗುಲು ಸುಡುವ ಟೋಸ್ಟರ್! ಎಲ್ಲಕ್ಕೂ ಹಣೆಯಲ್ಲಿ ಬರೆದಿರಬೇಕು.

ಆದರೆ ಆ ಸೀಡರ್ ಮರದ ಪೆಟ್ಟಿಗೆಯನ್ನು ಮೊದಲು ಕಂಡವಳು ನಾನು. ಇದನ್ನು ಯಾವ ದೇವರ ಮುಂದೆ ಬೇಕಾದರೂ ನಿಂತು ಹೇಳುತ್ತೇನೆ. ಒಬ್ಬ ನ್ಯೂಜಿಲೆಂಡ್ ಅಜ್ಜನ ಗ್ಯಾರೇಜಿನ ಮೂಲೆಯಲ್ಲಿತ್ತು. ಜೇನಿನ ಬಣ್ಣದ ಮರ, ಹಿತ್ತಾಳೆಯ ಕೀಲು, ಮುಚ್ಚಳ ತೆಗೆದರೆ ಪೆನ್ಸಿಲ್ ಕೆತ್ತಿದಾಗ ಬರುವಂಥ ಘಮ. “ನಮ್ಮಮ್ಮನ ಗ್ಲೋರಿ ಬಾಕ್ಸ್ ಇದು. ಆಗೆಲ್ಲ ಹುಡುಗಿಯರು ಮದುವೆಗೆ ಮುಂಚೆ ಕಸೂತಿ ಬಟ್ಟೆ, ಹೊದಿಕೆ ಎಲ್ಲ ಇದರಲ್ಲಿ ಕೂಡಿಡುತ್ತಿದ್ದರು” ಎಂದು ಅಜ್ಜ ಹೇಳಿದ. ನನ್ನ ಹತ್ತಿರ ನಗದಿರಲಿಲ್ಲ. ಮೂಲೆಯ ಡೈರಿ ಅಂಗಡಿಯ ಪಕ್ಕದ ಮೆಷಿನ್ನಿನಿಂದ ದುಡ್ಡು ತೆಗೆದು ಓಡಿ ಬಂದೆ. ಐದು ನಿಮಿಷವೂ ಆಗಿರಲಿಲ್ಲ.

ಬಂದು ನೋಡಿದರೆ ಪೆಟ್ಟಿಗೆಯ ಮೇಲೆ ಅಕ್ಕನ ದುಪಟ್ಟಾ! ನಮ್ಮ ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತಾರಲ್ಲ, ಥೇಟ್ ಹಾಗೆ. ಪಾಪ, ಅಜ್ಜನಿಗೆ ಈ ಕಾನೂನು ತಿಳಿಯದು. ಪೆಟ್ಟಿಗೆಗೆ ಚಳಿಯಾಗದಿರಲಿ ಎಂದು ಹೊದಿಸಿದ್ದಾರೇನೋ ಎಂಬಂತೆ ನೋಡುತ್ತಿದ್ದ. ನನಗೆ ತಿಳಿಯುತ್ತದಲ್ಲ! ಮೈಸೂರಿನಲ್ಲಿ ಹುಟ್ಟಿ ಬೆಳೆದವಳು ಟವೆಲ್ ಹಾಕಿದ ಸೀಟಿಗೆ ಹೇಗೆ ಜಗಳ ಮಾಡಲಿ?

“ಅಕ್ಕ, ಅದನ್ನ ನಾನು ನೋಡಿದ್ದೆ.”

“ನೋಡಿದ್ರೇನಾಯ್ತೇ? ಚಾಮುಂಡಿ ಬೆಟ್ಟಾನ ಊರೆಲ್ಲ ನೋಡುತ್ತೆ.”

ಅಲ್ಲಿಂದ ಶುರುವಾಯಿತು ಬೆಲೆ ಕಟ್ಟುವ ಹುಚ್ಚು. ಅವರ ಮನೆಗೆ ಹೋದವರಿಗೆ ಕಾಫಿಗಿಂತ ಮುಂಚೆ ಪೆಟ್ಟಿಗೆಯ ದರ್ಶನ. ಮೂಲೆಯ ಜೋಡಣೆ ನೋಡಿ, ಒಂದು ಮೊಳೆಯಿಲ್ಲ! ಬೀಗ ನೋಡಿ, ಅಸಲಿ! ಇಂಟರ್ನೆಟ್ಟಿನಲ್ಲಿ ಓದಿ ಓದಿ, ಹೋದ ಸಲಕ್ಕಿಂತ ಈ ಸಲ ಐವತ್ತು ಡಾಲರಾದರೂ ಏರಿರುತ್ತಿತ್ತು. ಭಾವನವರಿಗೂ ಸಾಕಾಗಿ ಒಮ್ಮೆ, “ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ನಂಗೆ ಮಾತ್ರ ಇನ್ನೂ ಬೆಲೆ ಕಟ್ಟಿಲ್ಲ” ಎಂದರು. ಅಕ್ಕ ತಲೆಯೆತ್ತದೆ, “ಬರೀ ಹಳೇದಾದ್ರೆ ಸಾಲ್ದು ರೀ, ಕಂಡೀಶನ್ನೂ ಚೆನ್ನಾಗಿರ್ಬೇಕು” ಎಂದರು.

ಯುಗಾದಿ ಊಟಕ್ಕೆ ಸೇರಿದಾಗ ನನಗೆ ತಡೆಯಲಾಗಲಿಲ್ಲ. “ನಾವು ನಾವೇ ಹೇಳ್ಕೊಂಡ್ರೆ ಆಯ್ತಾ ಅಕ್ಕ? ತಿಳಿದೋರ ಹತ್ರ ಕೇಳ್ಬೇಕು” ಎಂದುಬಿಟ್ಟೆ. ಅಕ್ಕ ಒಬ್ಬಟ್ಟನ್ನು ಎಲೆಯ ಮೇಲೆ ಕೆಳಗಿಟ್ಟು ಸವಾಲೆಸೆದರು. “ಕೇಳೋಣ ಬಾ. ಐನೂರು ಡಾಲರ್‌ಗಿಂತ ಒಂದು ಕಾಸು ಕಡಿಮೆ ಹೇಳಿದ್ರೂ ಪೆಟ್ಟಿಗೆ ನಿಂದು.” ಆವತ್ತಿನಿಂದ ನಾನು ದೇವರ ದೀಪ ಹಚ್ಚುವಾಗ ಕೇಳಿಕೊಂಡದ್ದು ಏನೆಂದು ಬರೆಯಲು ನಾಚಿಕೆಯಾಗುತ್ತದೆ.

ಆಕ್ಲೆಂಡಿನ ಮನುಕಾವ್ ಬಡಾವಣೆಯ ಒಂದು ಹಾಲ್‌ನಲ್ಲಿ ಹಳೆಯ ಸಾಮಾನಿಗೆ ಬೆಲೆ ಹೇಳುವ ದಿನವೊಂದನ್ನು ಇಟ್ಟುಕೊಂಡಿದ್ದರು. ಒಳಗಿನದನ್ನೆಲ್ಲ ಖಾಲಿ ಮಾಡಿ, ನನ್ನ ಗಂಡ ಗೆಳೆಯನ ಯೂಟ್, ಅಂದರೆ ಹಿಂಬದಿ ತೆರೆದಿರುವ ಸಾಮಾನು ಗಾಡಿ, ತಂದು ಪೆಟ್ಟಿಗೆ ಏರಿಸಿದರು. ಬೆಲೆ ಹೇಳುವಾತ ಬಿಳಿಗಡ್ಡದ ಗಂಭೀರ ಮನುಷ್ಯ. ಮೂಲೆ ಸವರಿ “ಅದ್ಭುತ” ಎಂದ. ನನ್ನ ಹೊಟ್ಟೆಯಲ್ಲಿ ಒಂದು ಕೆಂಡ. ಕೀಲು ನೋಡಿ “ಮೂಲದ್ದೇ” ಎಂದ. ಇನ್ನೊಂದು ಕೆಂಡ. ಅಕ್ಕ ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ಶತ್ರುವಿಗೂ ಕೊಡಬೇಡಪ್ಪಾ!

ಆಮೇಲೆ ಆತ ಮುಚ್ಚಳ ತೆಗೆದು, ತಲೆ ಒಳಗೆ ಹಾಕಿ, ಉಸಿರೆಳೆದುಕೊಂಡ. ಮರುಕ್ಷಣ ಕೆಮ್ಮುತ್ತಾ ಹಿಂದೆ ಸರಿದ.

“ನುಸಿಗುಳಿಗೆ ಹಾಕಿದ್ದೀರಾ? ಸೀಡರ್ ಪೆಟ್ಟಿಗೆಯಲ್ಲಾ? ಅಮ್ಮಾ, ಈ ಮರದ ಘಮಕ್ಕೇ ನುಸಿ ಹತ್ತಿರ ಬರುವುದಿಲ್ಲ. ಇದನ್ನು ಮಾಡಿಸುತ್ತಿದ್ದದ್ದೇ ಅದಕ್ಕೆ! ಒಳಗೆ ಪಾಲಿಶ್ ಇಲ್ಲದ ಬರೀ ಮರ, ವಾಸನೆ ಕುಡಿದುಬಿಟ್ಟಿದೆ. ಇನ್ನು ಸುಲಭವಾಗಿ ಹೋಗುವುದಿಲ್ಲ.” ಗಡ್ಡ ಸವರಿಕೊಂಡು ತೀರ್ಪು ಕೊಟ್ಟ: ಹೆಚ್ಚೆಂದರೆ ಎಂಬತ್ತು ಡಾಲರ್.

ಎಂಬತ್ತು! ನನಗೆ ಅಲ್ಲೇ ಕುಣಿಯಬೇಕೆನಿಸಿತು. ಮುಖದಲ್ಲಿ ಸಂತಾಪ ತಂದುಕೊಳ್ಳಲು ಪಟ್ಟ ಕಷ್ಟ ನನಗೇ ಗೊತ್ತು. ಹೊರಗೆ ಪಾರ್ಕಿಂಗಿನಲ್ಲಿ ನನ್ನ ಗಂಡ ಹಗ್ಗ ಬಿಗಿಯುತ್ತಿದ್ದರು. ಅಕ್ಕ, “ನಿಮ್ಮನೆಗೇ ತಗೊಂಡು ಹೋಗಿ. ಮಾತಂದ್ರೆ ಮಾತು” ಎಂದರು. ಗೆದ್ದವಳು ಸುಮ್ಮನಿರಬಾರದೇ? ಉಪ್ಪು ಸವರಲು ಹೋದೆ.

“ಅಲ್ಲಾ ಅಕ್ಕ, ಅಷ್ಟೆಲ್ಲ ಓದಿದೋರು ನೀವು. ಸೀಡರ್‌ಗೆ ನುಸಿ ಬರಲ್ಲ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು ಕಣೇ.”

“ಮತ್ತೆ?”

ಅಕ್ಕ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ನಮ್ಮಮ್ಮನ ಸೀರೆ ಎರಡು ನನ್ನ ಹತ್ರ ಇದೆ. ಅಮ್ಮ ಟ್ರಂಕ್ ತೆಗೆದ್ರೆ ನಡುಮನೆ ತುಂಬ ನುಸಿಗುಳಿಗೆ ವಾಸನೆ ಬರೋದು. ಹಬ್ಬ ಬಂತು ಅಂತ ನಮಗೆ ಗೊತ್ತಾಗ್ತಿದ್ದದ್ದೇ ಅದ್ರಿಂದ. ಇಲ್ಲಿಗೆ ಬಂದ್ಮೇಲೆ ಆ ಸೀರೇಲಿ ಏನೂ ಉಳೀಲಿಲ್ಲ. ಈ ಪೆಟ್ಟಿಗೆಗೆ ಗುಳಿಗೆ ಹಾಕಿ, ಸೀರೆ ಇಟ್ಟು, ಒಂದು ತಿಂಗಳು ಬಿಟ್ಟು ತೆಗೆದೆ ನೋಡು… ಅಮ್ಮ ಪಕ್ಕದಲ್ಲೇ ನಿಂತಿದಾಳೆ ಅನ್ನಿಸ್ತು.” ಮೂಗೊರೆಸಿಕೊಂಡು ಸೇರಿಸಿದರು: “ಆ ಮನುಷ್ಯ ಮರ ನೋಡ್ತಾನೆ ಅಂದ್ಕೊಂಡೆ. ಹೀಗೆ ಮೂಗು ಹಾಕ್ತಾನೆ ಅಂತ ಯಾರಿಗೆ ಗೊತ್ತಿತ್ತು?”

ನಾನು ಯೂಟಿನ ಬಾಗಿಲು ಬಡಿದು ಗಂಡನಿಗೆ ಕೂಗಿ ಹೇಳಿದೆ, “ರೀ, ಅಕ್ಕನ ಮನೆಗೇ ನಡೀರಿ. ಈ ನಾತ ನಮ್ಮನೇಲಿ ಯಾರು ತಡ್ಕೋತಾರೆ!”

ಅವರ ಮನೆಯಲ್ಲಿ ಪೆಟ್ಟಿಗೆ ಇಳಿಸಿದ ಮೇಲೆ ಅಕ್ಕ ಸೀರೆಗಳನ್ನು ಮತ್ತೆ ಒಳಗಿಟ್ಟರು. ಒಂದು ಹಸಿರು, ಒಂದು ನೇರಳೆ. “ಬಗ್ಗಿ ನೋಡು” ಎಂದರು, ಬಗ್ಗಿದೆ. ನನ್ನಮ್ಮ ತೀರಿಕೊಂಡಾಗ ಅವಳ ಸೀರೆಗಳನ್ನು ಹದಿನಾಲ್ಕನೆಯ ದಿನ ನಾನೇ ನಿಂತು ಹಂಚಿದ್ದೆ. ವಿಮಾನದವರು ಬಿಡುತ್ತಿದ್ದದ್ದು ಮೂವತ್ತೇ ಕಿಲೋ. ಅಷ್ಟನ್ನೂ ಸಾರಿನ ಪುಡಿಗೆ, ಹಪ್ಪಳಕ್ಕೆ, ಐದು ಲೀಟರಿನ ಕುಕ್ಕರಿಗೆ ಕೊಟ್ಟಿದ್ದೆ. ಅಮ್ಮನ ಬೀರು ತೆಗೆದರೆ ಯಾವ ವಾಸನೆ ಬರುತ್ತಿತ್ತು ಎಂದು ಆ ಪೆಟ್ಟಿಗೆಯ ಮುಂದೆ ಕೂತು ಬಹಳ ಹೊತ್ತು ಯೋಚಿಸಿದೆ, ನೆನಪಾಗಲಿಲ್ಲ. ಪಿಂಗಾಣಿ ಬಟ್ಟಲಿನ ಹೊಟ್ಟೆಕಿಚ್ಚು ಆವತ್ತೇ ಆರಿತು, ಪೆಟ್ಟಿಗೆಯದೂ ಆರಿತು. ಅಕ್ಕನ ಮೇಲೆ ಈ ವಾಸನೆಯ ಕಿಚ್ಚೊಂದು ಮಾತ್ರ ಇನ್ನೂ ಉಳಿದಿದೆ.