ನನ್ನ ತಮ್ಮ ನಲ್ಲಿ ರಿಪೇರಿ ಮಾಡಿದ್ದು

ನನಗಾಗ ಅರವತ್ತೇಳು. ಐದು ವರ್ಷದ ಹಿಂದಿನ ಮಾತು. ನಮ್ಮ ಅಂಗಳದ ನಲ್ಲಿಯನ್ನು ನನ್ನ ತಮ್ಮ ಒಂಬತ್ತು ದಿನ ರಿಪೇರಿ ಮಾಡಿದ. ಅಷ್ಟು ದಿನದಲ್ಲಿ ಬಾವಿಯನ್ನೇ ತೋಡಬಹುದಿತ್ತು ಅನ್ನುತ್ತೀರಾ? ತೋಡಬಹುದಿತ್ತು. ಆದರೆ ಬಾವಿ ತೋಡುವವರಿಗೆ ನನ್ನ ತಮ್ಮನಷ್ಟು ತಲೆ ಇರುವುದಿಲ್ಲ, ಅದಕ್ಕೇ ಅವರ ಕೆಲಸ ಬೇಗ ಮುಗಿಯುತ್ತದೆ!

ಅವನಿರುವುದು ತೆಲುಗು ಸೀಮೆಗೆ ಅಂಟಿದ ನಮ್ಮ ಜಿಲ್ಲೆಯ ಸಿದ್ದಾಪುರದ ಕಡೆ, ನಾನಿರುವುದು ಚಳ್ಳಕೆರೆ ಹತ್ತಿರ. ಅವನ ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತು. ಮಗ ಸೊಸೆ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಊರ ಕಡೆ ತಲೆ ಹಾಕುವುದಿಲ್ಲ. ಇವನು ಟೀಗೆ ಬನ್ನು ಅದ್ದಿಕೊಂಡು ಬದುಕಿದ್ದ. ಅವನ ಅಂಗಿಯೊಳಗೆ ಇನ್ನೊಬ್ಬನನ್ನು ಕೂರಿಸಬಹುದಿತ್ತು, ಹಾಗೆ ಸೊರಗಿದ್ದ. ‘ನಮ್ಮನೇಲಿ ಬಂದಿರೋ’ ಅಂದರೆ ಬರುವ ಆಸಾಮಿಯೇ? ತವರಿನವರು ಅಕ್ಕನ ಮನೆಗೆ ತಂದು ಕೊಡಬೇಕಂತೆ, ಬಂದು ಉಣ್ಣಬಾರದಂತೆ! ನಮ್ಮಪ್ಪನೂ ಹೀಗೇ, ನನ್ನ ಮನೆಯಲ್ಲಿ ನೀರು ಕುಡಿಯುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ. ಅಪ್ಪನ ಆಸ್ತಿಯಲ್ಲಿ ಇವನ ಪಾಲಿಗೆ ಉಳಿದದ್ದು ಇದೊಂದೇ.

ಆದರೆ ಕೆಲಸಕ್ಕೆ ಬಂದವನು ಉಣ್ಣಬಹುದಂತೆ. ಅದು ದುಡಿದ ಅನ್ನ. ಇದು ಗೊತ್ತಿದ್ದೇ ನಾನು ಫೋನ್ ಮಾಡಿ, ‘ನಲ್ಲಿ ಸೋರ್ತೈತೆ ಕಣೋ’ ಅಂದೆ. ಸಂಜೆ ಬಸ್ಸಿಗೇ ಬಂದಿಳಿದ. ಚೀಲದಲ್ಲಿ ಎರಡು ಸ್ಪ್ಯಾನರು, ಒಂದು ಇಕ್ಕಳ, ಒಂದು ಬನ್ನಿನ ಪೊಟ್ಟಣ. ಕೆಲಸ ಮಾಡದ ದಿನಕ್ಕೆ ಬನ್ನು!

‘ಲೇ ಭಾಮೈದ, ಪ್ಲಂಬರ್‌ನ ಕರೀತೀನಿ, ಹತ್ತು ನಿಮಿಷದ ಕೆಲಸ’ ಅಂದರು ನಮ್ಮ ಮನೆಯವರು.

‘ನಾನು ಸತ್ತಮೇಲೆ ಕರೀರಿ ಭಾವ’ ಅಂದ. ನಾನು ಗಂಡನನ್ನು ಕಣ್ಣಲ್ಲೇ ಗದರಿಸಿದೆ.

ಮೊದಲನೇ ದಿನ ಒಳಗಿನ ವಾಷರ್ ಸವೆದಿದೆ ಅಂತ ಕಂಡುಹಿಡಿದ. ಸರಿಯಾಗಿಯೇ ಕಂಡುಹಿಡಿದಿದ್ದ. ಹೊಸ ವಾಷರ್ ತರಬೇಕಲ್ಲ? ನನ್ನ ಹವಾಯಿ ಚಪ್ಪಲಿಯ ನಡುವಿಂದ ದುಂಡಗೆ ಕತ್ತರಿಸಿದ.

‘ಹಳೇ ಚಪ್ಪಲಿ ಅಲ್ಲೇ ಬಿದ್ದಿತ್ತಲ್ಲೋ ಮೂಳ!’

‘ಅದು ಸವೆದೈತೆ ಅಕ್ಕ. ನೀರು ತಡೆಯಾಕೆ ಹೊಸದೇ ಆಗಬೇಕು.’

ನಲ್ಲಿ ಸೋರುತ್ತಲೇ ಇತ್ತು. ನಾನು ಒಂದು ಕಾಲಿಗೆ ನನ್ನದು, ಇನ್ನೊಂದು ಕಾಲಿಗೆ ಗಂಡನದು ಹಾಕಿಕೊಂಡು ಸಂತೆಗೆ ಹೋಗಿಬಂದೆ.

ಆಮೇಲೆ ಅವನ ತಲೆ ಕಂಬಳಿಯ ಕಡೆ ಓಡಿತು. ನಮ್ಮ ಕಡೆ ಕಂಬಳಿ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಕಂಬಳಿ ಗಟ್ಟಿಯಾಗಿ ನಿಲ್ಲಲಿ ಅಂತ. ‘ಅಂಥಾ ಮಳೇನೇ ಕಂಬಳಿ ದಾಟಲ್ಲ, ಈ ಹನಿ ನೀರು ದಾಟ್ತೈತಾ?’ ಅಂದ. ನಾನೇನು ಹೇಳಲಿ? ನನಗೂ ಸರಿ ಅನ್ನಿಸಿತು! ಕುರಿ ಉಣ್ಣೆ ಹೊಸೆದು, ಗಂಜಿಯಲ್ಲಿ ಅದ್ದಿ, ನಲ್ಲಿಯ ಹೊರಗೆ ಸುತ್ತಿ, ಒಳಗೆ ತುರುಕಿ ಬಿಸಿಲಿಗೆ ಬಿಟ್ಟ. ಎರಡು ಗಂಟೆ ಒಂದು ಹನಿ ಬೀಳಲಿಲ್ಲ. ಬೀದಿಯವರನ್ನೆಲ್ಲ ಕರೆದು ತೋರಿಸಿದ. ತೋರಿಸಿ ಮುಗಿಯುವಷ್ಟರಲ್ಲಿ ಗಂಜಿ ನೆನೆದು ಕರಗಿತು. ಅವತ್ತು ಆ ಗಂಜಿ ನೀರಲ್ಲಿ ಒಗೆದ ಬಟ್ಟೆಗಳೆಲ್ಲ ಒಣಗಿ ಹಲಗೆಯಾದವು. ನಮ್ಮ ಮನೆಯವರ ಪಂಚೆಯನ್ನು ಗೋಡೆಗೆ ಆನಿಸಿದೆ, ಯಾರೂ ಹಿಡಿಯದೆ ನಿಂತುಕೊಂಡಿತು.

‘ಇದನ್ನ ಉಡಬೇಕೋ, ಬಾಗಿಲಿಗೆ ಹಾಕಬೇಕೋ?’ ಅಂದರು.

ತಮ್ಮ ನಲ್ಲಿಗೆ ‘ಊರ್ಕೋವೇ, ಊರ್ಕೋ!’ ಅಂತ ತೆಲುಗಿನಲ್ಲಿ ಗದರಿದ. ನಲ್ಲಿಗೆ ಕನ್ನಡ ಅರ್ಥವಾಗಲಿಲ್ಲ, ತೆಲುಗಾದರೂ ಅರ್ಥವಾಗಿ ಸುಮ್ಮನಿರಲಿ ಅಂತ ಇರಬೇಕು!

ಆರನೇ ದಿನದ್ದು ಇನ್ನೂ ಚೆಂದ. ಮಾಳಿಗೆ ಮೇಲಿನ ಟ್ಯಾಂಕಿನ ವಾಲ್ವು ತಿರುಗಿಸುವುದನ್ನು ಮರೆತು ನಲ್ಲಿಯನ್ನೇ ಬಿಚ್ಚಿಬಿಟ್ಟ. ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಪೈಪಿನ ಬಾಯಿಗೆ ಹೆಬ್ಬೆರಳು ತುರುಕಿ ‘ಭಾವಾ! ಭಾವಾ!’ ಅಂತ ಕೂಗಿದ. ಭಾವ ಏಣಿ ಹತ್ತಿದರು. ವಾಲ್ವು ತುಕ್ಕು ಹಿಡಿದು ಕೂತಿತ್ತು. ಅವರು ಅಲ್ಲಿ ಅದಕ್ಕೆ ಎಣ್ಣೆ ಬಿಟ್ಟುಕೊಂಡು ಗುದ್ದಾಡುತ್ತಿದ್ದರೆ ಇವನು ಇಲ್ಲಿ ಬೆರಳು ತೆಗೆಯುವ ಹಾಗಿಲ್ಲ. ಊಟದ ಹೊತ್ತು ಬೇರೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಇಟ್ಟೆ.

‘ಇವತ್ತಿನ್ನೂ ಕೆಲಸಾನೇ ಆಗಿಲ್ಲ ಅಕ್ಕ…’

‘ಬೆರಳು ಕೆಲಸ ಮಾಡ್ತೈತಲ್ಲ, ಬಾಯಿ ತೆಗಿ!’

ಎರಡು ಮುದ್ದೆ ಹೋಯಿತು. ಮೂರನೆಯದಕ್ಕೂ ಬಾಯಿ ತೆರೆದ. ಮೇಲಿಂದ ನಮ್ಮ ಮನೆಯವರು ‘ಬಂದ್ ಆಯ್ತು, ಬೆರಳು ತೆಗಿ’ ಅಂದರು. ಅವನಿಗೆ ಕೇಳಿಸಿತೋ ಇಲ್ಲವೋ, ಮುದ್ದೆ ಮುಗಿಯುವ ತನಕ ಬೆರಳು ತೆಗೆಯಲಿಲ್ಲ. ನಾನೂ ತೆಗಿ ಅನ್ನಲಿಲ್ಲ.

ಒಂಬತ್ತನೇ ದಿನ ಚಳ್ಳಕೆರೆ ಪೇಟೆಗೆ ಹೋಗಿ, ಹಳೇ ವಾಷರ್ ತೋರಿಸಿ ಅದೇ ಅಳತೆಯದು ತಂದ. ಯಾರು ಹೇಳಿದರೋ ಕಾಣೆ, ಹೇಳಿದವನ ಬಾಯಿಗೆ ಮಣ್ಣು ಬೀಳಲಿ. ಹಾಕಿ ತಿರುಗಿಸಿದ. ನಿಂತಿತು. ಬಿಟ್ಟ, ಮುಚ್ಚಿದ. ಮತ್ತೆ ಬಿಟ್ಟ, ಮುಚ್ಚಿದ. ಒಂದು ಹನಿ ಇಲ್ಲ. ಬೀದಿಯವರನ್ನು ಕರೆಯುತ್ತಾನೆ ಅಂದುಕೊಂಡೆ. ಕರೆಯಲಿಲ್ಲ. ಸ್ಪ್ಯಾನರು ಒರೆಸಿ ಚೀಲಕ್ಕೆ ಹಾಕಿಕೊಂಡ.

‘ತಟ್ಟೆ ಇಟ್ಟೀನಿ, ಬಾ.’

‘ಕೆಲಸ ಆಯ್ತಲ್ಲಕ್ಕ. ಬಸ್ಸಿಗೆ ಟೈಮಾತು.’

ಕೆಲಸ ಮುಗಿದರೆ ಅವನು ಮತ್ತೆ ತವರಿನವನೇ, ಉಣ್ಣಬಾರದಲ್ಲ! ‘ಹೋಗು ಹಂಗಾದ್ರೆ’ ಅಂದೆ. ನನಗೆ ಬೇಡಿಕೊಳ್ಳುವುದಕ್ಕೆ ಬರುವುದಿಲ್ಲ. ಹೋದ. ಅವನ ಪಾಲಿನ ಮುದ್ದೆ ನಾಯಿಗೆ ಹಾಕಿದೆ.

ಮಾರನೇ ದಿನ ಮುಂಜಾನೆ ಮೊದಲನೇ ಬಸ್ಸು ಹತ್ತಿ ಅವನ ಊರಿಗೆ ಹೋದೆ. ಬಾಗಿಲಲ್ಲಿ ನನ್ನನ್ನು ನೋಡಿ, ‘ಯಾಕಕ್ಕ, ಮತ್ತೆ ಸೋರ್ತೈತಾ?’ ಅಂದ. ಮುಖ ಎಷ್ಟು ಅರಳಿತು ಅಂತೀರಿ!

‘ಇಲ್ಲ. ಚೆನ್ನಾಗಿ ಮಾಡೀಯ, ಒಂದು ಹನಿ ಇಲ್ಲ. ನನಗೆ ಹಸಿವಾಗೈತೆ. ತವರಿಗೆ ಬಂದೀನಿ, ಊಟ ಹಾಕು.’

‘ನನಗೆ ಮುದ್ದೆ ಮಾಡಾಕೆ ಬರಲ್ಲಕ್ಕ.’

‘ಹಿಟ್ಟು ಎಲ್ಲೈತೆ ಹೇಳು ಸಾಕು.’

ಒಲೆ ಹಚ್ಚಿ, ಎಸರಿಟ್ಟು, ಮುದ್ದೆ ಕಟ್ಟಿದೆ. ಎರಡು ತಟ್ಟೆ ಹಾಕಿದೆ. ಅವನ ಮನೆ, ಅವನ ಹಿಟ್ಟು, ಇನ್ನೇನು ಹೇಳುತ್ತಾನೆ? ಕೂತ. ಇಬ್ಬರೂ ಉಂಡೆವು.