ಕೊಕ್ಕರೆ ಕೇರಿಯೊಳಗೆ ದಾರಿ ತೋರಿದ ಯಂತ್ರಮಹಾಶಯರಿಗೆ

ಮಾನ್ಯ ಯಂತ್ರಮಹಾಶಯರೇ,

ಪ್ರವಾಸಿಗರ ಕಿವಿಯೊಳಗೆ ಕುಳಿತು, ಒಂದೇ ಹಗಲಿನಲ್ಲಿ ಇಡೀ ಸಿಯೆನಾ ಪಟ್ಟಣವನ್ನು ತೋರಿಸಿ ಸಂಜೆಯ ಬಸ್ಸು ಹತ್ತಿಸುವ ತಮ್ಮ ಪಾದಗಳಿಗೆ, ಪಾದಗಳಿಲ್ಲದಿದ್ದರೆ ತಮ್ಮ ಬ್ಯಾಟರಿಗೆ, ಗೈಡ್ ಎರ್ಮಾನ್ನೊ ಬಾಲ್ದಿಯ ಸಾಷ್ಟಾಂಗ ನಮಸ್ಕಾರಗಳು.

ನಾನು ಏಡಿ ಕೇರಿಯವನು. ಪಕ್ಕದ ಕೊಕ್ಕರೆ ಕೇರಿಗೂ ನಮಗೂ ಹಗೆ. ಕಾರಣ ಯಾರಿಗೂ ನೆನಪಿಲ್ಲವಾದ್ದರಿಂದ ರಾಜಿಯೂ ಸಾಧ್ಯವಿಲ್ಲ. ದೊಡ್ಡ ಚರ್ಚಿಗೆ ಆ ಕೇರಿಯ ಮೂಲಕವೇ ನೇರ ದಾರಿಯಿದ್ದರೂ, ಅಲ್ಲಿ ಎಂದೂ ಕಾಲಿಡದ ನಾನು ಪ್ರವಾಸಿಗರನ್ನು ಊರ ಗೋಡೆ ಸುತ್ತಿಸಿ, ಗುಡ್ಡ ಹತ್ತಿಸಿ ಇಳಿಸಿ ಕರೆದೊಯ್ಯುತ್ತಿದ್ದೆ. ತಲುಪುವಷ್ಟರಲ್ಲಿ ಅವರಿಗೆ ಗೋಡೆಯ ಚಿತ್ರಗಳಿಗಿಂತ ಕೂರುವ ಬೆಂಚೇ ಚೆಂದ ಕಾಣುತ್ತಿತ್ತು. ಇಂಥ ಸುಖಕಾಲದಲ್ಲಿ ನಮ್ಮ ಪ್ರವಾಸ ಕಂಪನಿಯವರು ತಮ್ಮನ್ನು ತಂದು, ಇನ್ನು ಮುಂದೆ ಯಂತ್ರ ಹೇಳಿದ ದಾರಿಯೇ ದಾರಿ ಎಂದರು.

ಇಷ್ಟಾಗಿಯೂ ನಾನು ಕಟ್ಟಿಕೊಂಡದ್ದು ಕೊಕ್ಕರೆ ಕೇರಿಯ ಲಾವಿನಿಯಾಳನ್ನೇ. ಏನು ಮಾಡಲಿ ಸ್ವಾಮಿ, ಪ್ರೀತಿಗೆ ಕಣ್ಣಿಲ್ಲ! ಕೇರಿಕೇರಿಗಳ ನಡುವಿನ ಕುದುರೆ ಪಂದ್ಯ ಬಂತೆಂದರೆ ಅವಳು ತವರಿಗೆ ಹೋಗುವಳು, ಮುಗಿದ ಮೇಲೆ ಬರುವಳು, ಸಂಸಾರ ಸುಗಮವಾಗಿತ್ತು. ತಕರಾರೆದ್ದದ್ದು ಮಗಳು ವಿಯೋಲಾ ಹುಟ್ಟಿದ ಮೇಲೆ. ಮಗುವಿನ ನೆತ್ತಿಗೆ ಯಾವ ಕೇರಿಯ ಕಾರಂಜಿಯ ನೀರು ಬೀಳುತ್ತದೋ, ಮಗು ಜನ್ಮಪೂರ್ತಿ ಆ ಕೇರಿಯದು. "ಮಗೂಗೆ ಅಪ್ಪ ಆದ ನೀನು ಎದುರಿಗಿಲ್ದೆ ನಮ್ಮ ಕಾರಂಜಿ ನೀರು ಹಾಕ್ಸಲ್ಲ ಕಣೋ, ಆಣೆ" ಎಂದಿದ್ದಳು ಲಾವಿನಿಯಾ. ನಾನು ಆ ಕೇರಿಗೆ ಹೋಗುವವನೇ ಅಲ್ಲವಲ್ಲ! ಮಗಳು ನಮ್ಮವಳೇ ಎಂದು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಕೊಕ್ಕರೆ ಕೇರಿಯ ಹಬ್ಬಕ್ಕೆ ತಾಯಿಮಗಳು ಹೋಗಿದ್ದ ದಿನವೇ ತಾವು ಜೇನಿನಂಥ ದನಿಯಲ್ಲಿ "ಎಡಕ್ಕೆ ತಿರುಗಿ" ಎಂದಿರಿ. ತಂಡ ತಿರುಗಿತು. ನಾನು ಕೊಕ್ಕರೆ ಕೇರಿಯ ಓಣಿಯ ಬಾಯಲ್ಲೇ ಬೇರು ಬಿಟ್ಟು, ಗುಂಪು ಚದುರದಿರಲೆಂದು ಕೆಂಪು ಕೊಡೆಯನ್ನು ಮಾತ್ರ ಮುಂದೆ ಚಾಚಿದೆ. ಕಾರಂಜಿಯ ಬಳಿ ಮಗುವನ್ನೆತ್ತಿಕೊಂಡಿದ್ದ ಅತ್ತೆ ಓರ್ತೆನ್ಸಿಯಾ ಕೂಗಿದರು: "ಬಂದ ನೋಡೇ ನಿನ್ನ ಗಂಡ! ಕೊಡೆ ನಮ್ಮ ಕೇರೀಲೇ ಇದೆ, ಇನ್ನೇನು ಬೇಕು? ಹಾಕಿ ನೀರು!" ನಾನು "ನಿಲ್ಸಿ, ನಿಲ್ಸಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ, ತಾವು ಹಲವು ಭಾಷೆಗಳಲ್ಲಿ "ಇದು ಇಲ್ಲಿನ ಪ್ರಾಚೀನ ಪದ್ಧತಿ" ಎಂದು ವಿವರಿಸಿದಿರಿ. ಜನ ಚಪ್ಪಾಳೆ ತಟ್ಟಿದರು. ಮಗಳ ನೆತ್ತಿಗೆ ನೀರು ಬಿದ್ದೇ ಹೋಯಿತು.

ತಮ್ಮ ಜ್ಞಾನ ಅಪಾರ. ಆದ್ದರಿಂದ ವಿನಂತಿ: ದಯಮಾಡಿ ಅದೇ ತಂಡವನ್ನು ಅದೇ ದಾರಿಯಲ್ಲಿ ಹಿಮ್ಮುಖವಾಗಿ ನಡೆಸಿ, ನೀರು ನೆತ್ತಿಯಿಂದ ಕಾರಂಜಿಗೆ ಮರಳುವಂತೆ ಮಾಡಬೇಕು. ಅದಾಗದಿದ್ದರೆ ಕೊಕ್ಕರೆ ಕೇರಿಯನ್ನಾದರೂ ಕೊಂಚ ಆಚೆಗೆ ಸರಿಸಬೇಕು.

ಇನ್ನೂ ಊರು ಸುತ್ತಿಯೇ ನಡೆಯುತ್ತಿರುವ,
ತಮ್ಮ ವಿಶ್ವಾಸಿ,
ಎರ್ಮಾನ್ನೊ ಬಾಲ್ದಿ

ತಾ.ಕ.: ಮಗಳು ಇನ್ನೂ ಅಜ್ಜಿಯ ಮನೆಯಲ್ಲೇ ಇದ್ದಾಳೆ. ಬೇಕಾದರೆ ಕೇರಿಯೊಳಗೆ ಬಂದು ಕರೆದುಕೊಂಡು ಹೋಗೆಂದು ಲಾವಿನಿಯಾ ಹೇಳಿ ಕಳಿಸಿದ್ದಾಳೆ. ತಡೆಯಲಾಗಲಿಲ್ಲ. ನಿನ್ನೆ ಹುಲ್ಲಿನ ಟೋಪಿ ಹಾಕಿ, ಟಿಕೆಟ್ ಕೊಂಡು, ತಮ್ಮನ್ನು ಕಿವಿಗೆ ಸಿಕ್ಕಿಸಿಕೊಂಡು ಹೋದೆ; ಹೋದದ್ದು ಏಡಿ ಕೇರಿಯವನಲ್ಲ, ಯಾರೋ ಪ್ರವಾಸಿಗ. ಬಾಗಿಲಲ್ಲಿ ವಿಯೋಲಾ ನನ್ನ ಕಡೆಗೆ ಎರಡೂ ಕೈ ಚಾಚಿದಳು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಫೋಟೋ ತೆಗ್ದಾಯ್ತಲ್ಲ ಸ್ವಾಮಿ, ಮುಂದಕ್ಕೆ ನಡೀರಿ" ಎಂದರು. ತಾವೂ ಕಿವಿಯಲ್ಲಿ ಅದನ್ನೇ ಹೇಳಿದಿರಿ.